ಊಟದ ಮೇಜಿನ ಮೇಲೆ ಪೊಲ್ಲಿಲೂರು

ಈ ಸ್ಟೀಲ್ ಡಬ್ಬಿ ನೋಡಿ. ಮೊನ್ನೆ ಮೊನ್ನೆವರೆಗೂ ಇದರಲ್ಲಿ ನಮ್ಮಮ್ಮ ಸಾಸಿವೆ ಇಡುತ್ತಿದ್ದರು. ಈಗ ಇದರಲ್ಲಿ ಒಂಬತ್ತು ಚೀಟಿ ಇವೆ. ಏಳರ ಮೇಲೆ ಪೊಲ್ಲಿಲೂರು ಯುದ್ಧದ ಒಬ್ಬೊಬ್ಬ ನಾಯಕನ ಹೆಸರು: ಮೈಸೂರಿನ ಹೈದರ್, ಟಿಪ್ಪು, ಇಂಗ್ಲಿಷರ ಬೇಯ್ಲಿ, ಫ್ಲೆಚರ್, ಮುನ್ರೊ, ಹೀಗೆ. ಆಡುವಾಗ ಒಂದೊಂದೇ ಚೀಟಿ ತೆಗೆಯುತ್ತೇವೆ, ಯಾರ ಹೆಸರು ಬಂತೋ ಅವರ ಪಡೆ ಆಗ ಕದಲುತ್ತೆ. ಉಳಿದ ಎರಡರ ಮೇಲೆ 'ಕಾಫಿ' ಅಂತ ಬರೆದಿದೆ. ಇವತ್ತು ನಾನು ಮಾತಾಡೋದು ಮುಖ್ಯವಾಗಿ ಆ ಕಾಫಿ ಚೀಟಿಯ ಬಗ್ಗೆ. ಆದರೆ ಅಲ್ಲಿಗೆ ಹೋಗೋಕೆ ಸ್ವಲ್ಪ ಸುತ್ತು ಹಾಕಬೇಕು.

ಬೊಂಬೆ ಇಟ್ಟು ಆಡುವ ಈ ಯುದ್ಧದಾಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಹಸಿರು ಬಟ್ಟೆ ಹಾಸುತ್ತೇವೆ. ಥರ್ಮೊಕೋಲಿನ ಗುಡ್ಡ, ತೆಂಗಿನ ನಾರಿನ ಮರದ ತೋಪು, ರಟ್ಟಿನ ಊರು. ಅದರ ಮೇಲೆ ಬಣ್ಣ ಹಚ್ಚಿದ ಪುಟ್ಟ ಸಿಪಾಯಿ ಬೊಂಬೆಗಳು. ಟೇಪು ಹಿಡಿದು ಅಳೆದು ನಡೆಸುತ್ತೇವೆ, ದಾಳ ಹಾಕಿ ಗುಂಡು ಹಾರಿಸುತ್ತೇವೆ. ಚದುರಂಗದಲ್ಲಿ ಮನೆಗಳಿವೆ, ಇಲ್ಲಿ ಇಲ್ಲ. ಅದೇ ದೊಡ್ಡ ವ್ಯತ್ಯಾಸ. ನಮ್ಮ ಮನೆಯಲ್ಲಿ ಇದನ್ನು 'ವರ್ಷವಿಡೀ ಬೊಂಬೆ ಹಬ್ಬ' ಅನ್ನುತ್ತಾರೆ. ನಾನು ಬೇಜಾರು ಮಾಡಿಕೊಳ್ಳಲ್ಲ. ನಿಜ ಹೇಳಬೇಕೆಂದರೆ ದಸರಾ ಬಂದಾಗ ಇವರೂ ಮೆಟ್ಟಿಲ ಮೇಲೆ ಪಟ್ಟದ ಬೊಂಬೆ ಪಕ್ಕ ನಿಲ್ಲುತ್ತಾರೆ.

ಇದು ನಿನ್ನೆ ಮೊನ್ನೆಯದಲ್ಲ. 1824ರಲ್ಲಿ ಪ್ರಷ್ಯಾದ ಒಬ್ಬ ಸೇನಾಧಿಕಾರಿ, ರೈಸ್‌ವಿಟ್ಸ್ ಅಂತ, ನಕ್ಷೆಯ ಮೇಲೆ ಆಡುವ ಯುದ್ಧದಾಟಕ್ಕೆ ನಿಯಮ ಬರೆದ. ಒಂದು ಸರದಿ ಅಂದರೆ ಎರಡು ನಿಮಿಷದ ಯುದ್ಧ, ನಡುವೆ ಒಬ್ಬ ತೀರ್ಪುಗಾರ. ಅಲ್ಲಿನ ಸೈನ್ಯ ಅದನ್ನು ಪಾಠಕ್ಕೇ ಬಳಸಿತು. 1913ರಲ್ಲಿ ಎಚ್.ಜಿ. ವೆಲ್ಸ್, ಅದೇ ಟೈಮ್ ಮಷೀನ್ ಬರೆದವರು, ಮನೆಯ ನೆಲದ ಮೇಲೆ ತವರದ ಸಿಪಾಯಿಗಳನ್ನಿಟ್ಟು ಆಡುವ ನಿಯಮ ಪ್ರಕಟಿಸಿದರು. ಅವರ ಆಟದಲ್ಲಿ ದಾಳವೇ ಇರಲಿಲ್ಲ. ಸ್ಪ್ರಿಂಗ್ ಇರೋ ಆಟಿಕೆ ತೋಪಿನಿಂದ ನಿಜವಾಗಿ ಮರದ ಕಡ್ಡಿ ಹಾರಿಸಿ ಬೊಂಬೆ ಬೀಳಿಸಬೇಕು. ನಮ್ಮ ಮನೆಯಲ್ಲಿ ಶೋಕೇಸ್ ಇರುವುದರಿಂದ ಆ ದಾರಿ ಹಿಡಿಯಲಿಲ್ಲ.

ಈಗ ವಿಷಯ. ನಮ್ಮ ಗುಂಪಿನ ಗೆಳೆಯರೊಬ್ಬರು ಮೈಸೂರು ಯುದ್ಧಗಳಿಗೆ ಅಂತಲೇ ಹೊಸ ನಿಯಮ ಬರೆದರು. ಕನ್ನಡದಲ್ಲೇ. 26 ಪುಟ. ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿಸಿ ನನ್ನ ಕೈಗೆ ಕೊಟ್ಟು 'ಆಡಿ ನೋಡಿ ಹೇಳಪ್ಪ' ಅಂದರು. ಅವರೂ ಇಲ್ಲೇ ಕೂತಿದ್ದಾರೆ. ಹೆಸರು ಹೇಳಬೇಡ ಅಂದಿದ್ದಾರೆ, ಹೇಳಲ್ಲ.

ಹೊಸ ನಿಯಮ ಕೈಗೆ ಸಿಕ್ಕಾಗ ನಾವೆಲ್ಲ ಮಾಡುವ ಮೊದಲ ತಪ್ಪು ಏನು ಗೊತ್ತಾ? ಇರುವ ಬೊಂಬೆಯನ್ನೆಲ್ಲ ಮೇಜಿನ ಮೇಲೆ ಸುರಿಯೋದು. ನಾನೂ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಹೀಗೇ ಒಂದು ಹೊಸ ನಿಯಮಕ್ಕೆ ತಾಳಿಕೋಟೆಯನ್ನೇ ಆಡೋಣ ಅಂತ ಹೊರಟೆ. 1565, ವಿಜಯನಗರ, ಸುಲ್ತಾನರ ಸೈನ್ಯಗಳು, ಆನೆ, ತೋಪು, ಎಲ್ಲ ಜೋಡಿಸಿದೆ. ಜೋಡಿಸೋಕೇ ಶನಿವಾರ ಮುಗಿಯಿತು. ಭಾನುವಾರ ಎರಡು ಸರದಿ ಆಯಿತು. ಸೋಮವಾರ ಬೆಳಿಗ್ಗೆ ತಿಂಡಿಗೆ ಮೇಜು ಬೇಕು ಅಂತ ಅಮ್ಮ ವಿಜಯನಗರವನ್ನು ಎತ್ತಿ ದಿವಾನದ ಮೇಲಿಟ್ಟರು. ನಿಯಮ ಒಳ್ಳೆಯದೋ ಕೆಟ್ಟದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ.

ಇದಕ್ಕೆ ತದ್ವಿರುದ್ಧ ಒಂದಿದೆ. ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್. ಎಲ್ಲರೂ ಡಿಬಿಎ ಅಂತಾರೆ. 1990ರಲ್ಲಿ ಬಂತು. ಒಂದೊಂದು ಕಡೆಗೆ ಬರೀ 12 ತುಂಡು ಸೈನ್ಯ. ಪ್ರತಿ ಸರದಿಯಲ್ಲಿ ಒಂದು ದಾಳ ಹಾಕುತ್ತೀರಿ. 6 ಬಿದ್ದರೆ ಆರು ಅಪ್ಪಣೆ, 1 ಬಿದ್ದರೆ ಒಂದೇ ಅಪ್ಪಣೆ. ಎಡಗಡೆ ಆನೆ ಸಿಕ್ಕಿಹಾಕಿಕೊಂಡಿದೆ, ಬಲಗಡೆ ಕುದುರೆಗೆ ದಾರಿ ತೆರೆದಿದೆ, ಕೈಯಲ್ಲಿ ಒಂದೇ ಅಪ್ಪಣೆ. ಏನು ಮಾಡುತ್ತೀರಿ? ಆ ಒಂದು ದಾಳದಲ್ಲಿ ನಾನು ಕಲಿತದ್ದು ಇದು. ಯಾರು ಯಾರನ್ನು ಹೊಡೆಯುತ್ತಾರೆ ಅನ್ನುವ ಪುಟ ಎಲ್ಲ ನಿಯಮದಲ್ಲೂ ಹೆಚ್ಚುಕಮ್ಮಿ ಒಂದೇ. ಯಾರಿಗೆ ಈಗ ಕದಲೋಕೆ ಆಗುತ್ತೆ, ಯಾರಿಗೆ ಆಗಲ್ಲ, ಆ ಪುಟದಲ್ಲಿ ನಿಯಮದ ಜೀವ ಇರುತ್ತೆ. ಹೊಸದು ಸಿಕ್ಕಾಗ ನಾನು ಮೊದಲು ಹುಡುಕೋದು ಆ ಪುಟವನ್ನೇ.

ಹಾಗಾಗಿ ಈ ಸಲ ಸಣ್ಣ ಯುದ್ಧ. ಜೊತೆಗೆ ಚೆನ್ನಾಗಿ ಗೊತ್ತಿರುವ ಯುದ್ಧ. ಗೊತ್ತಿಲ್ಲದ ಯುದ್ಧಕ್ಕೆ ಗೊತ್ತಿಲ್ಲದ ನಿಯಮ ಹಾಕಿದರೆ, ಏನಾದರೂ ವಿಚಿತ್ರ ಆದಾಗ ತಪ್ಪು ಯಾರದು ಅಂತ ತಿಳಿಯಲ್ಲ. ಪೊಲ್ಲಿಲೂರು ಆರಿಸಿದೆವು. 1780, ಸೆಪ್ಟೆಂಬರ್ 10. ಕಾಂಚೀಪುರದ ಹತ್ತಿರ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಶಾಲೆಯ ಟೂರಿನಲ್ಲಿ ಎಲ್ಲರೂ ಹೋಗಿರುತ್ತೀರಿ. ಆ ಪಡಸಾಲೆಯ ಗೋಡೆ ಮೇಲೆ ದೊಡ್ಡ ಚಿತ್ರ ಇದೆಯಲ್ಲ, ನಡುವೆ ಕೆಂಪಂಗಿಯವರು ಚೌಕ ಕಟ್ಟಿ ನಿಂತಿದ್ದಾರೆ, ಸುತ್ತ ಮೈಸೂರಿನ ಕುದುರೆ ಮುತ್ತಿದೆ, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಯ್ಲಿ, ಮೇಲೆ ಮದ್ದಿನ ಬಂಡಿ ಸಿಡಿಯುತ್ತಿದೆ. ಅದೇ. ಬೇಯ್ಲಿಯ ಮೂರು ಸಾವಿರಕ್ಕೂ ಹೆಚ್ಚು ಜನರ ಪಡೆ ಅವತ್ತು ಮುಗಿದೇ ಹೋಯಿತು. ಹೆಕ್ಟರ್ ಮುನ್ರೊ ದೊಡ್ಡ ಸೈನ್ಯ ಇಟ್ಟುಕೊಂಡು ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿ ಇದ್ದ. ಸಮಯಕ್ಕೆ ಬರಲಿಲ್ಲ. ಆಮೇಲೆ ಭಾರದ ತೋಪುಗಳನ್ನು ಅಲ್ಲಿನ ಕೊಳಕ್ಕೆ ತಳ್ಳಿ ಮದ್ರಾಸಿನ ಕಡೆ ಹೊರಟ.

ಯುದ್ಧದಾಟಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಯಾಕೆಂದರೆ ಇಲ್ಲಿ ಮುಖ್ಯ ಪ್ರಶ್ನೆ ಒಂದೇ: ಮುನ್ರೊ ಯಾಕೆ ಬರಲಿಲ್ಲ? ಮೇಲಿಂದ ನೋಡುವ ಆಟಗಾರ ಖಂಡಿತ ಕಳಿಸುತ್ತಾನೆ. ಅವನಿಗೆ ಇಡೀ ಮೇಜು ಕಾಣುತ್ತೆ. ಮುನ್ರೊಗೆ ಕಾಣುತ್ತಿರಲಿಲ್ಲ.

ಆಡೋ ಮುಂಚೆ ಒಂದು ಲೆಕ್ಕ ಮಾಡೋಣ, ಪೆನ್ನು ಇದ್ದವರು ಬರೆದುಕೊಳ್ಳಿ. ನಮ್ಮ ಬೊಂಬೆ ಪಾದದಿಂದ ಕಣ್ಣಿನವರೆಗೆ 28 ಮಿಲಿಮೀಟರ್. ನಿಜವಾದ ಮನುಷ್ಯನ ಕಣ್ಣಿನ ಎತ್ತರ ಸುಮಾರು 160 ಸೆಂಟಿಮೀಟರ್ ಅಂತಿಟ್ಟುಕೊಂಡರೆ ಬೊಂಬೆ ಅವನ 57ನೇ ಒಂದು ಪಾಲು. ಆ ಕಾಲದ ಮಸ್ಕೆಟ್ ಕೋವಿ 100 ಮೀಟರ್ ದಾಟಿದರೆ ಗುರಿಗೆ ಬೀಳೋದು ದೇವರ ದಯೆ. ಆ 100 ಮೀಟರನ್ನೂ 57ರಿಂದ ಭಾಗಿಸಿ. ಒಂದೂಮುಕ್ಕಾಲು ಮೀಟರ್. ನಮ್ಮ ಊಟದ ಮೇಜು ಆರಡಿ ಉದ್ದ, ನಾಲ್ಕಡಿ ಅಗಲ. ಅಂದರೆ ಮೇಜಿನ ಈ ತುದಿಯಲ್ಲಿ ನಿಂತ ಸಿಪಾಯಿ ಹೆಚ್ಚುಕಮ್ಮಿ ಆ ತುದಿಯವನನ್ನು ಹೊಡೆಯಬಹುದು. ಯಾರೂ ನಡೆಯೋದೇ ಬೇಡ. ಅದಕ್ಕೇ ಬೊಂಬೆಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು ಅಳತೆ. ಈ ನಿಯಮದಲ್ಲಿ ಕೋವಿಯ ದೂರ 12 ಅಂಗುಲ. ಇದು ಸುಳ್ಳು ಅನ್ನೋರಿದ್ದಾರೆ. ಸುಳ್ಳೇ. ದರಿಯಾ ದೌಲತ್ ಚಿತ್ರದಲ್ಲೂ ನಾಯಕರು ದೊಡ್ಡದು, ಮರಗಳು ಸಣ್ಣದು. ಯಾರೂ ತಕರಾರು ತೆಗೆದಿಲ್ಲ, ಅಲ್ವಾ?

ಮೊದಲ ಸಂಜೆ ನಾಲ್ಕು ಜನ ಕೂತೆವು. ಬಸವನಗುಡಿಯಲ್ಲಿ ನಮ್ಮ ಮನೆ. ಒಬ್ಬರು ವೈಟ್‌ಫೀಲ್ಡಿನಿಂದ ಮೆಟ್ರೊ ಬದಲಿಸಿಕೊಂಡು ಬಂದರು, ಅವರು ಮುನ್ರೊ. ಇದು ನೆನಪಿರಲಿ, ಆಮೇಲೆ ಬೇಕಾಗುತ್ತೆ. ಬರೆದವರು ಐದನೆಯವರು. ಅವರಿಗೆ ಒಂದೇ ಷರತ್ತು. ಬಾಯಿ ಬಿಡಬಾರದು.

ಇದನ್ನು ಒತ್ತಿ ಹೇಳುತ್ತೇನೆ. ನಿಯಮ ಬರೆದವರು ಪಕ್ಕದಲ್ಲಿ ನಿಂತು 'ಅದು ಹಾಗಲ್ಲ, ಹೀಗೆ' ಅಂತ ಹೇಳುತ್ತಿದ್ದರೆ ನೀವು ಪುಸ್ತಕವನ್ನು ಪರೀಕ್ಷಿಸುತ್ತಿಲ್ಲ, ಅವರ ನೆನಪನ್ನು ಪರೀಕ್ಷಿಸುತ್ತಿದ್ದೀರಿ. ನಾಳೆ ಹುಬ್ಬಳ್ಳಿಯಲ್ಲಿ ಯಾರೋ ಈ 26 ಪುಟ ತೆಗೆದಾಗ ಇವರು ಜೊತೆಗೆ ಹೋಗೋಕೆ ಆಗುತ್ತಾ? ನಮ್ಮ ಗೆಳೆಯರಿಗೆ ಸುಮ್ಮನಿರೋದು ಕಷ್ಟ. ಒಂದು ದೊಡ್ಡ ಬಟ್ಟಲು ಕೋಡುಬಳೆ ಕೊಟ್ಟು ಕೂರಿಸಿದೆವು. ಎರಡನೇ ಸರದಿಗೆ ಕೋಡುಬಳೆ ಮುಗಿಯಿತು, ಅದು ನಮ್ಮ ತಪ್ಪು.

ಮೊದಲ ಜಗಳ ಶುರುವಾಗಿದ್ದು ಒಂಬತ್ತನೇ ಪುಟದ ಒಂದು ವಾಕ್ಯಕ್ಕೆ. ವಾಕ್ಯ ಹೀಗಿತ್ತು: 'ಒಂದು ಗುಂಪು ಚದುರಿ ಓಡಿದರೆ ಮುಂದಿನ ಗುಂಪಿಗೆ ಎರಡು ಗಾಬರಿ.' ಗಾಬರಿ ಅಂದರೆ ಇಲ್ಲಿ ಹುಣಸೆ ಬೀಜ. ಗುಂಡು ಬಿದ್ದಾಗ ಎಲ್ಲರೂ ಸಾಯಲ್ಲ, ಹೆದರುತ್ತಾರೆ. ಆ ಹೆದರಿಕೆಗೆ ಗುಂಪಿನ ಪಕ್ಕ ಒಂದೊಂದು ಬೀಜ ಇಡುತ್ತೇವೆ. ಉಳಿದಿರೋ ತಲೆಗಿಂತ ಬೀಜ ಜಾಸ್ತಿಯಾದರೆ ಗುಂಪು ಓಡುತ್ತೆ. ಒಳ್ಳೆಯ ನಿಯಮ, ಮುಟ್ಟಿದರೆ ತಿಳಿಯುತ್ತೆ.

ಈಗ ಆ ವಾಕ್ಯವನ್ನು ಇನ್ನೊಂದು ಸಲ ಓದಿ. 'ಮುಂದಿನ ಗುಂಪು' ಅಂದರೆ ಯಾವುದು? ಎದುರಿಗೆ ನಿಂತಿರುವ ಗುಂಪಾ? ಸಾಲಿನಲ್ಲಿ ಆದಮೇಲೆ ಬರುವ ಗುಂಪಾ? 'ಮುಂದಿನ ಮನೆ' ಅಂದರೆ ನಮ್ಮ ಮನೆ ಎದುರಿನದು. 'ಮುಂದಿನ ಸ್ಟಾಪ್' ಅಂದರೆ ಇದಾದ ಮೇಲಿನದು. 'ಮುಂದಿನ ವಾರ' ಅಂದರೆ ಇನ್ನೂ ಬರಬೇಕಾದ್ದು. ಬಿಎಂಟಿಸಿ ಬಸ್ಸಿನಲ್ಲಿ 'ಮುಂದೆ ಹೋಗಿ' ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ, ಯಾಕೆಂದರೆ ಕಂಡಕ್ಟರ್ ಕೈ ತೋರಿಸುತ್ತಾರೆ. ಪುಸ್ತಕಕ್ಕೆ ಕೈ ಇಲ್ಲ. ಬೇಯ್ಲಿ ಆಡುತ್ತಿದ್ದವರು 'ಮುಂದೆ ನಿಂತವರು ಓಡೋದು ನೋಡಿದರೆ ಹಿಂದಿನವರಿಗಲ್ಲವಾ ಗಾಬರಿ, ಮುಂದಿನವರಿಗೆ ಬೆನ್ನಲ್ಲಿ ಕಣ್ಣಿದೆಯಾ' ಅಂದರು. ಟಿಪ್ಪು 'ಸಾಲಿನಲ್ಲಿ ಪಕ್ಕದವನು' ಅಂದರು. ನಾನು ಗಡಿಯಾರ ನೋಡಿದೆ. ಹದಿನಾಲ್ಕು ನಿಮಿಷ. ಬರೆದವರು ಕುರ್ಚಿ ಮೇಲೆ ಒದ್ದಾಡುತ್ತಿದ್ದರು. ಕೊನೆಗೆ ಗೊತ್ತಾಯಿತು, ಅವರು ಬರೆಯುವಾಗ ಅಂದುಕೊಂಡಿದ್ದು ಈ ಮೂರೂ ಅಲ್ಲ. 'ಮುಂದೆ ಚೀಟಿ ಬರುವ ಗುಂಪು' ಅಂತೆ!

ಈಗ ಆ ವಾಕ್ಯ ಹೀಗಿದೆ: 'ಆರು ಅಂಗುಲದೊಳಗೆ ಇರುವ ಸ್ವಂತ ಕಡೆಯ ಎಲ್ಲ ಗುಂಪುಗಳಿಗೆ ಒಂದೊಂದು ಗಾಬರಿ.' ಟೇಪು ಇಟ್ಟರೆ ಮುಗಿಯಿತು. ಹಾಗೆಯೇ 'ಸರಿಯಬಹುದು' ಅಂತ ಇದ್ದ ಹನ್ನೊಂದು ಕಡೆ 'ಸರಿಯಬೇಕು' ಮಾಡಿದೆವು. ಬಹುದು ಅಂದರೆ ಆಟಗಾರನ ಇಷ್ಟ. ಹೆದರಿ ಓಡೋದು ಯಾರ ಇಷ್ಟವೂ ಅಲ್ಲ.

ಕನ್ನಡದಲ್ಲಿ ನಿಯಮ ಬರೆಯೋದು ಕಷ್ಟ ಅಂತ ಇದರಿಂದ ಯಾರಾದರೂ ತೀರ್ಮಾನ ಮಾಡಿದರೆ ನಾನು ಒಪ್ಪಲ್ಲ. ಚೌಕಾಬಾರದ ನಿಯಮ ನಮ್ಮಜ್ಜಿ ಐದು ನಿಮಿಷದಲ್ಲಿ ಹೇಳಿಕೊಟ್ಟರು, ಎಲ್ಲಿ ಕಡಿಯಬಹುದು ಎಲ್ಲಿ ಕಡಿಯಬಾರದು ಅಂತ ಇವತ್ತಿಗೂ ನನಗೆ ಗೊಂದಲ ಇಲ್ಲ. ಆದರೆ ಅಜ್ಜಿ ಮನೆ ಮುಟ್ಟಿ ತೋರಿಸುತ್ತಿದ್ದರು.

ಎರಡನೇದು ಕುದುರೆ. ಟಿಪ್ಪುವಿನ ರಾವುತರು ಮೊದಲ ಸಂಜೆ ಮೂರು ಸಲ ನುಗ್ಗಿದರು, ಮೂರು ಸಲವೂ ಮುಟ್ಟುವ ಮುಂಚೆ ಚದುರಿದರು. ದಾಳ ಕೆಟ್ಟದು ಅಂತ ಆಟಗಾರ ಗೊಣಗಿದರು. ದಾಳ ಕೆಟ್ಟದಲ್ಲ. ಲೆಕ್ಕ ನೋಡಿ. ಓಡುವ ಕುದುರೆ 100 ಮೀಟರ್ ದಾಟೋಕೆ ಸುಮಾರು 14 ಸೆಕೆಂಡ್. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಕೋವಿ ತುಂಬಿ ಹೊಡೆಯುತ್ತಾನೆ, ಅಂದರೆ ಒಂದಕ್ಕೆ 20 ಸೆಕೆಂಡ್. ಹಾಗಾದರೆ ಕುದುರೆ ಬರುವಷ್ಟರಲ್ಲಿ ಅವನಿಗೆ ಸಿಗೋದು ಒಂದೇ ಸುತ್ತು ಗುಂಡು. ಬೇಗ ಹೊಡೆದರೆ ದೂರ, ತಡ ಮಾಡಿದರೆ ಮೈಮೇಲೆ. ಆ ಕಾಲದ ಕಾಲಾಳಿನ ಇಡೀ ಭಯ ಆ ಒಂದು ಸುತ್ತಿನಲ್ಲಿದೆ.

ಕರಡಿನಲ್ಲಿ ಕುದುರೆಯ ಓಟ ಸರದಿಗೆ 6 ಅಂಗುಲ. ಕೋವಿ 12 ಅಂಗುಲ. ಕುದುರೆ 13 ಅಂಗುಲ ದೂರದಲ್ಲಿ ಶುರು ಮಾಡಿತು ಅನ್ನಿ. ಮೊದಲ ಸರದಿಗೆ 7ಕ್ಕೆ ಬಂತು, ಎರಡನೇದಕ್ಕೆ 1ಕ್ಕೆ, ಮೂರನೇದಕ್ಕೆ ಮುಟ್ಟಿತು. ಯಾರ ಚೀಟಿ ಮೊದಲು ಬರುತ್ತೆ ಅನ್ನೋದು ಅದೃಷ್ಟ. ಮೊದಲ ಸರದಿಯಲ್ಲಿ ಸಿಪಾಯಿಯ ಚೀಟಿ ಕುದುರೆ ಆದಮೇಲೆ ಬಂದರೆ ಒಂದು ಸುತ್ತು. ನಡುವಿನ ಸರದಿಯಲ್ಲಿ ಯಾವಾಗ ಬಂದರೂ ಒಂದು ಸುತ್ತು. ಮೂರನೇದರಲ್ಲಿ ಕುದುರೆಗಿಂತ ಮೊದಲು ಬಂದರೆ ಇನ್ನೊಂದು. ಸರಾಸರಿ ಎರಡು, ಕೆಲವು ಸಲ ಮೂರು. ಅದೇ ಓಟವನ್ನು 8 ಅಂಗುಲ ಮಾಡಿ. 13, 5, ಮುಟ್ಟು. ಸರಾಸರಿ ಒಂದು. ಕೆಲವು ಸಲ ಎರಡು, ಕೆಲವು ಸಲ ಸೊನ್ನೆ. ಎರಡು ಅಂಗುಲದಲ್ಲಿ ರಾವುತರು ಬದುಕಿಬಿಟ್ಟರು. ನಿಯಮ ಪರೀಕ್ಷೆ ಅಂದರೆ ಬಹುಪಾಲು ಇಂಥ ಕೆಲಸ. ಮಜಾ ಇಲ್ಲ, ಆದರೆ ಯಾರಾದರೂ ಮಾಡಬೇಕು.

ಈಗ ಕಾಫಿಗೆ ಬರೋಣ.

ಚೀಟಿಯ ವಿಚಾರ ನಮ್ಮವರದ್ದಲ್ಲ. ಇಂಗ್ಲೆಂಡಿನಲ್ಲಿ ಶಾರ್ಪ್ ಪ್ರ್ಯಾಕ್ಟಿಸ್ ಅಂತ ಒಂದು ನಿಯಮ ಇದೆ, ಕೋವಿ ಮದ್ದಿನ ಕಾಲದ ಸಣ್ಣ ಕಾಳಗಗಳಿಗೆ. ಅದರಲ್ಲಿ ಪ್ರತಿ ನಾಯಕನಿಗೂ ಒಂದು ಚೀಟಿ, ಜೊತೆಗೆ ಒಂದು ವಿಶೇಷ ಚೀಟಿ. ಅದು ಬಂದರೆ ಸರದಿ ಮುಗಿಯಿತು, ಯಾರ ಚೀಟಿ ಇನ್ನೂ ಒಳಗಿದೆಯೋ ಅವರಿಗೆ ಸಾಮಾನ್ಯವಾಗಿ ಅವಕಾಶ ತಪ್ಪಿತು. ಆ ಚೀಟಿಯ ಹೆಸರು ಏನು ಗೊತ್ತಾ? 'ಟಿಫಿನ್'. ನಿಜವಾಗಿಯೂ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಥಾ ಕೆಲಸ ಇದ್ದರೂ ಟಿಫಿನ್ ಟೈಮ್ ಆದರೆ ಆಯಿತು. ನಮ್ಮ ಗೆಳೆಯರು ಅದನ್ನು ಕಾಫಿ ಮಾಡಿದರು.

ಮೊದಲ ಸಂಜೆ ಡಬ್ಬಿಯಲ್ಲಿ ಒಂದೇ ಕಾಫಿ ಚೀಟಿ. ಮುನ್ರೊ ಮೇಜಿನ ಮೇಲೆ ಬರಬೇಕಾದರೆ ಅವನ ಚೀಟಿ ಮೂರು ಸಲ ಬರಬೇಕು. ಮೊದಲ ಸರದಿ: ಟಿಪ್ಪು, ಬೇಯ್ಲಿ, ಹೈದರ್, ಕಾಫಿ. ಎರಡನೇದು: ಫ್ಲೆಚರ್, ಕಾಫಿ. ಮೂರನೇದು: ರಾವುತರ ನಾಯಕ, ಟಿಪ್ಪು, ಬೇಯ್ಲಿ, ಫ್ಲೆಚರ್, ಹೈದರ್, ಕಾಫಿ. ಡಬ್ಬಿ ತಿರುಗಿಸಿದರೆ ತಳದಲ್ಲಿ ಮುನ್ರೊ. ವೈಟ್‌ಫೀಲ್ಡಿನಿಂದ ಬಂದವರು ಒಂದೂವರೆ ಗಂಟೆಯಿಂದ ಒಂದು ಬೊಂಬೆಯನ್ನೂ ಮುಟ್ಟಿಲ್ಲ. ಮೊದಲು ನಕ್ಕರು. ಆಮೇಲೆ ಫೋನ್ ತೆಗೆದರು. ಆಮೇಲೆ ಅಡುಗೆಮನೆಗೆ ಹೋಗಿ ನಮ್ಮಮ್ಮನ ಹತ್ತಿರ ನಿಜವಾದ ಕಾಫಿ ಮಾಡಿಸಿಕೊಂಡು ಬಂದರು.

ಬರೆದವರಿಗೆ ಮಾತ್ರ ಭಾರಿ ಖುಷಿ. ಬಾಯಿ ಮುಚ್ಚಿಕೊಂಡೇ ಕಣ್ಣಲ್ಲಿ ಹೇಳುತ್ತಿದ್ದರು: ನೋಡಿ, ಚರಿತ್ರೆ! ಮುನ್ರೊ ಬರಲಿಲ್ಲ!

ಹೌದು, ಬರಲಿಲ್ಲ. ಆದರೆ ನಾನು ನನ್ನ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ: 'ನಿಯಮ ಚರಿತ್ರೆಗೆ ನಿಷ್ಠೆಯಾಗಿದೆ, ಅತಿಥಿಗೆ ಅನ್ಯಾಯ.' ಇಲ್ಲಿ ಒಂದು ಸೂಕ್ಷ್ಮ ಇದೆ. ನಿಜವಾದ ಮುನ್ರೊ ಆ ದಿನ ಸುಮ್ಮನೆ ಕೂತಿರಲಿಲ್ಲ. ಅವನ ತಲೆಯಲ್ಲಿ ಏನೇನೋ ಓಡುತ್ತಿತ್ತು. ಹೋದರೆ ಕಾಂಚೀಪುರದ ಸಾಮಾನು ಸರಂಜಾಮು ಗತಿ ಏನು? ದೂರದಲ್ಲಿ ಕೇಳುತ್ತಿರುವ ತೋಪು ಯಾರದ್ದು? ಅವನಿಗೆ ಅಸಹಾಯಕತೆ ಇತ್ತೇ ಹೊರತು ಬೇಜಾರು ಇರಲಿಲ್ಲ. ನಮ್ಮ ಆಟಗಾರರಿಗೆ ಬರೀ ಬೇಜಾರು. ಹಾಗಾದರೆ ನಿಯಮ ಮುನ್ರೊವಿನ ಫಲಿತಾಂಶ ತಂದಿತು, ಮುನ್ರೊವನ್ನು ತರಲಿಲ್ಲ.

ಮತ್ತೆ ಲೆಕ್ಕ, ಕೊನೇದು, ಕ್ಷಮಿಸಿ. ಒಂದೇ ಕಾಫಿ ಚೀಟಿ ಇದ್ದರೆ, ಯಾವುದೇ ಒಬ್ಬ ನಾಯಕನಿಗೆ ಅವಕಾಶ ತಪ್ಪುವ ಸಾಧ್ಯತೆ ಎಷ್ಟು? ಹತ್ತರಲ್ಲಿ ಎಂಟು ಜನ 'ಎಷ್ಟು ನಾಯಕರಿದ್ದಾರೆ ಅನ್ನೋದರ ಮೇಲೆ' ಅನ್ನುತ್ತಾರೆ. ಅಲ್ಲ. ಏಳು ನಾಯಕರಿರಲಿ, ಎಪ್ಪತ್ತು ಇರಲಿ, ಅರ್ಧಕ್ಕರ್ಧ. ಉಳಿದವರನ್ನು ಮರೆತುಬಿಡಿ, ಮುನ್ರೊ ಚೀಟಿ ಮತ್ತು ಕಾಫಿ ಚೀಟಿ, ಈ ಎರಡರಲ್ಲಿ ಯಾವುದು ಮೊದಲು ಬರುತ್ತೆ? ಅಷ್ಟೇ ಪ್ರಶ್ನೆ. ಹಾಗಾಗಿ ಮೂರು ಸರದಿ ಸತತ ತಪ್ಪೋದು ಎಂಟರಲ್ಲಿ ಒಂದು ಸಲ. ತಿಂಗಳಿಗೆರಡು ಸಲ ಆಡಿದರೆ ವರ್ಷಕ್ಕೆ ಮೂರು ಸಲ ಯಾರಾದರೊಬ್ಬ ಮುನ್ರೊ ಮುನಿಸಿಕೊಂಡು ಕೂರುತ್ತಾರೆ. ಡಬ್ಬಿಗೆ ಎರಡು ಕಾಫಿ ಹಾಕಿ, ಎರಡನೇದು ಬಂದಾಗ ಸರದಿ ಮುಗಿಯಿತು ಅನ್ನಿ. ಈಗ ಮುನ್ರೊ ಎರಡೂ ಕಾಫಿಗಿಂತ ಹಿಂದೆ ಉಳಿದರೆ ಮಾತ್ರ ತಪ್ಪುತ್ತೆ. ಮೂರರಲ್ಲಿ ಒಂದು. ಸತತ ಮೂರು ಸರದಿ ಅಂದರೆ 27ರಲ್ಲಿ ಒಂದು.

ಎರಡನೇ ಸಂಜೆಯಿಂದ ಎರಡು ಕಾಫಿ. ಅದು ಸಾಲದು ಅಂತ ನಾನು ಇನ್ನೊಂದು ಕೇಳಿದೆ, ಬರೆದವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಚೀಟಿ ಬರದ ನಾಯಕ ಆ ಸರದಿಯ ಕೊನೆಯಲ್ಲಿ ಒಂದು ಪತ್ರ ಬರೆಯಬಹುದು. ನಿಜವಾದ ಪತ್ರ, ಒಂದು ಸಾಲು. ಅದು ಎರಡು ಸರದಿ ಆದಮೇಲೆ ಇನ್ನೊಬ್ಬ ನಾಯಕನಿಗೆ ಸಿಗುತ್ತೆ. ಆ ಸಂಜೆ ಮುನ್ರೊ ಬರೆದ ಪತ್ರ: 'ಹೊರಟಿದ್ದೇನೆ, ಇದ್ದಲ್ಲೇ ಇರು.' ಪತ್ರ ತಲುಪುವಷ್ಟರಲ್ಲಿ ಬೇಯ್ಲಿ ಇದ್ದ ಜಾಗ ಬಿಟ್ಟು ಮರದ ತೋಪಿನ ಕಡೆ ಅರ್ಧ ದಾರಿ ಬಂದಿದ್ದ. ಓದಿ ತಲೆ ಮೇಲೆ ಕೈಹೊತ್ತು ಕೂತರು. ನಿಲ್ಲಬೇಕಾ, ಹಿಂದೆ ಹೋಗಬೇಕಾ, ಪತ್ರ ಹಳೆಯದು ಅಂತ ಬಿಟ್ಟುಬಿಡಬೇಕಾ? ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಟಿಪ್ಪು ಆಡುತ್ತಿದ್ದವರೂ ಮೇಜಿನ ಮೇಲೆ ಬಗ್ಗಿ ಕಾಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ಎರಡು ನಿಮಿಷ.

ಅದಕ್ಕೇ ಆಡುವಾಗ ನಾನು ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳೋದು. ಯಾರು ಗೆದ್ದರು ಅಂತ ಬರೆಯಲ್ಲ. ಮೂರು ಕಾಲಂ. ಒಂದರಲ್ಲಿ, ನಿಯಮ ಹುಡುಕಿ ಪುಟ ತಿರುಗಿಸಿದ್ದು ಎಷ್ಟು ಸಲ. ಇನ್ನೊಂದರಲ್ಲಿ, ಯಾರಾದರೂ ಫೋನ್ ನೋಡಿದ್ದು ಎಷ್ಟು ಸಲ. ಮೂರನೇದರಲ್ಲಿ, ಆಟಗಾರ ಕೈ ಎತ್ತಿ, ಬೊಂಬೆಯ ಮೇಲೆ ತಂದು, ಮುಟ್ಟದೆ ಹಿಂದೆ ತೆಗೆದದ್ದು ಎಷ್ಟು ಸಲ. ಮೊದಲ ಸಂಜೆ: 31, 17, 2. ಎರಡನೇ ಸಂಜೆ: 12, 6, 9. ಮೂರನೇ ಕಾಲಂ ಏರುತ್ತಿದ್ದರೆ ನಿಯಮ ಸರಿದಾರಿಯಲ್ಲಿದೆ ಅಂತ ನನ್ನ ನಂಬಿಕೆ. ಚರಿತ್ರೆಗೆ ಹೊಂದುತ್ತಾ, ಬೇಗ ಮುಗಿಯುತ್ತಾ, ಇವೆಲ್ಲ ಆಮೇಲೆ. ನಮ್ಮಮ್ಮ ರಾತ್ರಿ 'ಯಾರು ಗೆದ್ದರೋ?' ಅಂದರು. 'ಇನ್ನೂ ಗೊತ್ತಾಗಿಲ್ಲಮ್ಮ' ಅಂದೆ. 'ಮತ್ತೆ ಮೂರು ಗಂಟೆ ಏನು ಮಾಡಿದಿರಿ?' ಅಂದರು. ಪುಸ್ತಕ ತೋರಿಸಿದೆ. ಪ್ರಯೋಜನ ಆಗಲಿಲ್ಲ.

ರಾಕೆಟ್ ಬಗ್ಗೆ ಹೇಳದಿದ್ದರೆ ನೀವು ಬಿಡಲ್ಲ. ಮೈಸೂರಿನ ರಾಕೆಟ್ ಅಂದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಕಟ್ಟಿದ್ದು. ನಮ್ಮ ಮಾರ್ಕೆಟ್ ಹತ್ತಿರದ ತಾರಾಮಂಡಲ ಪೇಟೆಗೆ ಆ ಹೆಸರು ಬಂದದ್ದೇ ಇದರಿಂದ ಅಂತ ಹೇಳುತ್ತಾರೆ. ನಮ್ಮ ಆಟದಲ್ಲಿ ರಾಕೆಟ್ ಹಾರುವ ದಾರಿ ಅಳೆಯೋಕೆ ಅಗರಬತ್ತಿ ಕಡ್ಡಿ. ಒಂದಾದ ಮೇಲೊಂದು ಮೂರು ಕಡ್ಡಿ ಇಡಬೇಕು, ಪ್ರತಿ ಕಡ್ಡಿಗೂ ದಾಳ. 1 ಬಿದ್ದರೆ ಕಡ್ಡಿ ಎಡಕ್ಕೆ ಓರೆ, 5 ಬಿದ್ದರೆ ಬಲಕ್ಕೆ ಓರೆ, 6 ಬಿದ್ದರೆ ತಿರುಗಿ ಬಂತು!

ಮೊದಲ ಸಂಜೆಯ ಎರಡನೇ ರಾಕೆಟ್ ವಾಪಸ್ ಬಂದು ಹೈದರನ ಎತ್ತಿನ ಬಂಡಿಗೆ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆದರೆ ಆಮೇಲೆ ಯೋಚನೆ ಮಾಡಿ. ಮೂರು ಕಡ್ಡಿಯಲ್ಲಿ ಒಂದಾದರೂ 6 ಬೀಳುವ ಸಾಧ್ಯತೆ 100ಕ್ಕೆ 42. ಇಂಥ ಆಯುಧವನ್ನು ಯಾವ ಬುದ್ಧಿವಂತ ಸೈನ್ಯದಲ್ಲಿ ಇಟ್ಟುಕೊಳ್ಳುತ್ತಾನೆ? 2018ರಲ್ಲಿ ಹೊಸನಗರದ ಹತ್ತಿರ ಬಿದನೂರು ನಗರದಲ್ಲಿ ಒಂದು ಹಾಳು ಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆ ಸಿಕ್ಕವು. ನಗು ಬರಿಸೋಕೆ ಯಾರೂ ಅಷ್ಟೊಂದು ಮಾಡಿಡಲ್ಲ. ತಮಾಷೆಯ ನಿಯಮ ಮೊದಲ ಆಟದಲ್ಲಿ ಎಲ್ಲರಿಗೂ ಇಷ್ಟ ಆಗುತ್ತೆ. ಐದನೇ ಆಟದಲ್ಲಿ ಅದರ ನಿಜ ಬಣ್ಣ ಗೊತ್ತಾಗೋದು. ಈಗ ಮೂರೂ ದಾಳ ಒಂದೇ ಸಂಖ್ಯೆ ಬಿದ್ದರೆ ಮಾತ್ರ ತಿರುಗಿ ಬರುತ್ತೆ. 36ರಲ್ಲಿ ಒಂದು ಸಲ. ರಾಕೆಟ್ ಜಾಸ್ತಿ ಜನರನ್ನು ಕೊಲ್ಲಲ್ಲ, ಹುಣಸೆ ಬೀಜ ಸುರಿಯುತ್ತೆ, ಕುದುರೆ ಎತ್ತುಗಳಿಗೆ ಎರಡರಷ್ಟು. ಮದ್ದಿನ ಬಂಡಿ ಮೇಲೆ ಹಾದುಹೋದರೆ ಒಂದು ದಾಳ. ಪೊಲ್ಲಿಲೂರಿನಲ್ಲಿ ಬಂಡಿ ಸಿಡಿದದ್ದು ರಾಕೆಟ್ಟಿಗೋ ತೋಪಿಗೋ ಅನ್ನೋದು ಬೇರೆ ಮಾತು. ಸಿಡಿದದ್ದಂತೂ ನಿಜ, ಗೋಡೆಯ ಮೇಲೆ ಇದೆ.

ಮೂರನೇ ಸಂಜೆಯ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಮಳೆ ಬಂತು, ಕರೆಂಟ್ ಹೋಯಿತು. ಬಂದಾಗ ಫ್ಯಾನ್ ಪೂರ್ತಿ ಸ್ಪೀಡಿನಲ್ಲಿ ತಿರುಗಿತು. ಗುಂಡು ಹಾರಿಸಿದ ಗುಂಪಿನ ಮುಂದೆ ಹೊಗೆ ಅಂತ ದೀಪದ ಬತ್ತಿಯ ಹತ್ತಿ ಇಟ್ಟಿದ್ದೆವು. ಅಷ್ಟೂ ಹೊಗೆ ಹಾರಿ ಮೈಸೂರಿನ ಕಡೆ ಹೋಯಿತು. ಯಾರು ಕೋವಿ ಹಾರಿಸಿದ್ದರು, ಯಾರು ಹಾರಿಸಿರಲಿಲ್ಲ, ದೇವರಿಗೇ ಗೊತ್ತು. ಈಗ ಪ್ರತಿ ಹತ್ತಿ ಉಂಡೆಯ ಕೆಳಗೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ದೇವೆ. 26 ಪುಟದಲ್ಲಿ ಇದು ಇರಲಿಲ್ಲ, ಈಗ 27ನೇ ಪುಟದಲ್ಲಿದೆ.

ಬೊಂಬೆ ಎಲ್ಲಿ ಸಿಗುತ್ತೆ, ದುಬಾರಿ ಅಲ್ಲವಾ ಅಂತ ಆಗಲೇ ಒಬ್ಬರು ಕೇಳಿದರು. ಹೊರದೇಶದ್ದು ದುಬಾರಿಯೇ, ಸುಂಕ ಬೇರೆ. ನಿಯಮ ಪರೀಕ್ಷೆಗೆ ಅದು ಬೇಡವೇ ಬೇಡ. ರಟ್ಟಿನ ತುಂಡಿನ ಮೇಲೆ 'ಕುದುರೆ' ಅಂತ ಬರೆದರೂ ಅದು 8 ಅಂಗುಲವೇ ಓಡೋದು. ನಮ್ಮಲ್ಲಿ ಒಬ್ಬರು ಚನ್ನಪಟ್ಟಣದ ಅರಗಿನ ಗೊಂಬೆಗಳನ್ನೇ ಸಾಲಾಗಿ ನಿಲ್ಲಿಸಿ ಆಡಿದ್ದಾರೆ. ಗೋಳ ತಲೆ, ಕೈಕಾಲಿಲ್ಲ. ಚೆನ್ನಾಗಿಯೇ ಸತ್ತರು.

ಇನ್ನೂ ಸರಿಯಾಗದ್ದು ಇದೆ. ಎತ್ತುಗಳು ಎಳೆಯುವ ತೋಪು ತುಂಬಾ ಬೇಗ ತಿರುಗುತ್ತೆ. ಚೌಕ ಕಟ್ಟಿ ನಿಂತ ಸಿಪಾಯಿಗಳು ನಡೆಯೋಕೆ ಆಗುತ್ತಾ ಇಲ್ಲವಾ ಅಂತ ಪುಸ್ತಕ ಹೇಳಲ್ಲ, ಬರೆದವರನ್ನೂ ಕೇಳುವಂತಿಲ್ಲ. ಪೇಟೆ, ಕೋಟೆ, ಬಾಗಿಲು ಇರುವ ಯುದ್ಧಕ್ಕೆ ಈ ನಿಯಮ ಬಳಸಿಯೇ ಇಲ್ಲ. ಅದಕ್ಕೇ ಹಿಂದಿನ ಮೇಜಿನ ಮೇಲೆ ನಮ್ಮೂರನ್ನೇ ಜೋಡಿಸಿದ್ದೇವೆ. 1791, ಮಾರ್ಚ್ 7. ಕಾರ್ನ್‌ವಾಲಿಸನ ಪಡೆ ಬೆಂಗಳೂರು ಪೇಟೆಗೆ ನುಗ್ಗಿದ ದಿನ. ಆ ಕಡೆ ಇರೋದು ಹಲಸೂರು ಗೇಟು. ಪೊಲೀಸ್ ಸ್ಟೇಷನ್ ಅಲ್ಲ, ನಿಜವಾದ ಬಾಗಿಲು, ಸುತ್ತ ಕಂದಕ, ಮುಳ್ಳಿನ ಬೇಲಿ. ಬೇಲಿಗೆ ತೆಂಗಿನ ನಾರು ಸಾಕಾಗಲಿಲ್ಲ, ಪಾತ್ರೆ ತಿಕ್ಕುವ ಬ್ರಷ್ ಕತ್ತರಿಸಿದೆವು. ಆಡೋಕೆ ನಾಲ್ಕು ಜನ ಬೇಕು, ಇದುವರೆಗೆ ಆಡದವರಿದ್ದರೆ ಇನ್ನೂ ಒಳ್ಳೇದು. ಪುಸ್ತಕ ಮೇಜಿನ ಮೇಲಿದೆ, ಡಬ್ಬಿ ನಾನು ತರುತ್ತೇನೆ. ಬರೆದವರು ಪಕ್ಕದಲ್ಲೇ ಕೂತಿರುತ್ತಾರೆ. ಅವರನ್ನು ಏನೂ ಕೇಳಬೇಡಿ. ಕೋಡುಬಳೆ ಈ ಸಲ ಎರಡು ಬಟ್ಟಲು ಇದೆ.